ನಾಲ್ಕು ಬಾಯಿಗೆ ಬಿದ್ದ ಅಕ್ಕಿಕಾಳು

ಇವತ್ತು ಮಾಡಿದ ಕೆಲಸಗಳು: ಐದೂವರೆಗೆ ಎದ್ದು ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕಿದೆ. ನಳ ಬರುವ ದಿನವಾದ್ದರಿಂದ ಒಂದು ಹಂಡೆ, ಏಳು ಕೊಡ, ಒಂದು ಬ್ಯಾರಲ್ ತುಂಬಿಸಿದೆ. ಮೊಸರು ಕಡೆದೆ. ಮೆಂತ್ಯದ ಸೊಪ್ಪು ಸೋಸಿದೆ. ಅರ್ಧ ಸೂಡು ಬರೀ ಹುಲ್ಲೇ ಇತ್ತು. ಮಗಳು ಸುಮಿಯ ನೀಲಿ ಚೂಡಿದಾರದ ತೋಳು ಬಿಚ್ಚಿತ್ತು, ಎರಡು ಹೊಲಿಗೆ ಹಾಕಿದೆ. ದೇವರ ಜಗಲಿಯ ಹೂವು ಬದಲಿಸಿದೆ. ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ನನ್ನ ಗಂಡ ಎಂಟು ತಿಂಗಳು ಕೂತು ಕಟ್ಟಿದ ಇಂಜಿನ್ನಿನ ಬಾಯಿಗೆ ಒಂದು ಚಿಟಿಕೆ ಅಕ್ಕಿಕಾಳು ಒಗೆದೆ.

ಈ ಕೊನೆಯದು ನಾನು ಮಾಡಬೇಕೆಂದುಕೊಂಡಿದ್ದ ಕೆಲಸ ಅಲ್ಲ. ಇಷ್ಟು ಹೊತ್ತಾದ ಮೇಲೂ ಎದೆ ಇನ್ನೂ ಡವಡವ ಅನ್ನುತ್ತಿದೆ. ಬರೆದರೆ ಕಡಿಮೆಯಾದೀತೆಂದು ಕೂತಿದ್ದೇನೆ.

ನಮ್ಮವರು ರೋಣದಲ್ಲಿ ಮೂವತ್ತು ವರ್ಷದಿಂದ ಇಂಜಿನ್ ರಿಪೇರಿ ಮಾಡುತ್ತಿದ್ದಾರೆ. ಮನೆಯ ಮಗ್ಗುಲಿಗೇ ತಗಡಿನ ಶೆಡ್ಡು. ಸವಡಿಯಿಂದ ಟ್ರ್ಯಾಕ್ಟರು ಬರುತ್ತದೆ, ನರಗುಂದದಿಂದ ಜೀಪು ಬರುತ್ತದೆ, ಎಲ್ಲಿಂದಲೋ ಹೊಲದ ಪಂಪು ಬರುತ್ತದೆ. ಕಂಪನಿಯವರು ಹೇಗೆ ಮಾಡಿದ್ದರೋ ಹಾಗೆಯೇ ತಿರುಗಿ ಕೂರಿಸುವುದು ಅವರ ಧರ್ಮ. ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮೆಯಿಲ್ಲ. ಗಾಡಿ ಓಡಿಸುವುದರಲ್ಲಂತೂ ಅವರಷ್ಟು ನಿಧಾನದ ಮನುಷ್ಯನನ್ನು ನಾನು ಕಂಡಿಲ್ಲ. ಒಮ್ಮೆ ಕೊಣ್ಣೂರಿನ ಸೇತುವೆ ಸಮೀಪ ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ನಮ್ಮ ಕಾರನ್ನು ಹಿಂದೆ ಹಾಕಿ ಹೋಯಿತು. ಅದರ ಡ್ರೈವರು ತಿರುಗಿ ನೋಡಿ ನಮಗೆ ಕೈ ಮುಗಿದ. ಏನೋ ಭಕ್ತಿ ಉಕ್ಕಿರಬೇಕು. ಇವರೂ ಸ್ಟೇರಿಂಗು ಬಿಟ್ಟು ಕೈ ಮುಗಿದರು.

ಅಂಥವರು ರೇಸಿನ ಇಂಜಿನ್ ಕಟ್ಟುತ್ತೇನೆ ಅಂದರೆ ನಂಬುತ್ತೀರಾ? ನಾನೂ ನಂಬಲಿಲ್ಲ.

ಕಾರಣ ನಮ್ಮ ಸುಮಿ. ನರಗುಂದದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಬಸ್ಸು ಹಿಡಿದು ಬರುತ್ತಾಳೆ. ಚಿಕ್ಕಂದಿನಿಂದ ಶೆಡ್ಡಿನಲ್ಲೇ ಬೆಳೆದವಳು. ಹೋದ ವರ್ಷ ಗದಗಿನ ಆಚೆ ಮಣ್ಣಿನ ಮೈದಾನದಲ್ಲಿ ಕಾರಿನ ಪಂದ್ಯ ಇತ್ತು. ನಮ್ಮ ಹಳೇ ಬಿಳಿ ಕಾರು ತೆಗೆದುಕೊಂಡು ಹೋದಳು. ತಿರುವಿನಲ್ಲಿ ಎಲ್ಲರಿಗಿಂತ ಚಲೋ ಹೊರಳಿಸುತ್ತಿದ್ದಳಂತೆ, ನೆಟ್ಟಗಿನ ದಾರಿಯಲ್ಲಿ ಎಲ್ಲರೂ ಇವಳನ್ನು ದಾಟಿ ಹೋಗುತ್ತಿದ್ದರಂತೆ. ಮುಗಿದ ಮೇಲೆ ಬೇಲಿಯ ಹತ್ತಿರ ನಿಂತಿದ್ದ ಒಬ್ಬ ಕೂಗಿದ:

"ಅಕ್ಕೋರ, ಮುಂದಿನ ಸಲ ಚಕ್ಕಡಿ ತಗೊಂಡು ಬರ್ರಿ, ಎತ್ತಾದ್ರೂ ಹುರುಪಿಗಿ ಬರ್ತಾವು!"

ಸುಮಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮನೆಗೆ ಬಂದು ನನಗೂ ಹೇಳಿ ನಗಿಸಿದಳು. ನಗದೆ ಇದ್ದವರು ಒಬ್ಬರೇ. ಅವರು ಹದಿನೈದು ದಿನ ಏನೂ ಮಾತಾಡಲಿಲ್ಲ. ಹದಿನಾರನೆಯ ದಿನ ಪಡಸಾಲೆಯ ನಡುವೆ ತಾಡಪಾಲು ಹಾಸಿ ಇಂಜಿನ್ನಿನ ಕಬ್ಬಿಣದ ಒಡಲನ್ನು ತಂದಿಟ್ಟರು. ಶೆಡ್ಡಿನಲ್ಲಿ ಧೂಳು ಅಂತೆ. ನನ್ನ ಪಡಸಾಲೆ ಅಷ್ಟು ಸ್ವಚ್ಛವಾಗಿದೆ ಎಂದು ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಅವರ ಬಾಯಿಂದ ಕೇಳಿದೆ. ಸಂತೋಷಪಡಬೇಕೋ ಜಗಳ ತೆಗೆಯಬೇಕೋ ತಿಳಿಯಲಿಲ್ಲ.

ಅಲ್ಲಿಂದ ನನಗೆ ಒಂದರ ಮೇಲೊಂದು ಧಕ್ಕೆ. ಒಂದು ದಿನ ಗಜೇಂದ್ರಗಡಕ್ಕೆ ಸೀರೆ ತರಲು ಹೋಗೋಣ ಅಂದರು. ನಾನು ಹೊಸ ಕುಬಸ ಹಾಕಿಕೊಂಡು ಹೊರಟೆ. ಬಸ್‌ಸ್ಟ್ಯಾಂಡಿನಿಂದ ನೆಟ್ಟಗೆ ಅಕ್ಕಸಾಲಿಗರ ಅಂಗಡಿಗೆ ಕರೆದೊಯ್ದರು. ನನ್ನ ಎದೆ ಹಿಗ್ಗಿತು. ಕುಬಸಕ್ಕೆ ತಕ್ಕ ಏನೋ ಇದೆ ಅಂದುಕೊಂಡೆ. ಇವರು ಚೀಲದಿಂದ ಟಾವೆಲ್ಲಿನಲ್ಲಿ ಸುತ್ತಿದ ನಾಲ್ಕು ಪಿಸ್ಟನ್ ತೆಗೆದು ತಕ್ಕಡಿಯ ಮುಂದೆ ಇಟ್ಟರು. ಚೊಂಬಿನ ಬುಡದಷ್ಟು ಅಗಲದ ನಾಲ್ಕು ಲೋಹದ ಗುಂಡುಗಳು.

"ಇವು ಯಾವ ದೇವರ ಮೂರ್ತಿರಿ?" ಎಂದರು ಅಕ್ಕಸಾಲಿಗರು.

"ಮೂರ್ತಿ ಅಲ್ರಿ. ನಾಲ್ಕೂ ಒಂದ ತೂಕ ಆಗಬೇಕು. ಗುಂಜಿನೂ ಫರಕ ಬರಬಾರದು. ಒಂದು ಭಾರ ಆತಂದ್ರ ಉಳಿದ ಮೂರನ್ನೂ ಜಗ್ಗ್ಯಾಡತೈತಿ."

"ಥೇಟ್ ಅಣ್ಣತಮ್ಮರಂಗ ಆತಲ್ರಿ!"

ತೂಗಿದರು. ಮೂರನೆಯದು ಗುಂಜಿಯಷ್ಟು ಹೆಚ್ಚು ಭಾರ ಬಂತು. ಇವರು ಜೇಬಿನಿಂದ ಅರ ತೆಗೆದು, ಅಲ್ಲೇ ಮೆಟ್ಟಿಲ ಮೇಲೆ ಕೂತು ಒಳಬದಿಯನ್ನು ಉಜ್ಜಿ, ಮತ್ತೆ ತೂಗಿಸಿ, ಮತ್ತೆ ಉಜ್ಜಿ, ಮೂರು ತಾಸು ಮಾಡಿದರು. ನಾನು ಬಂಗಾರದಂಗಡಿಯ ಕಟ್ಟೆಯ ಮೇಲೆ ಹೊಸ ಕುಬಸದಲ್ಲಿ ಕೂತು ಅಲ್ಯುಮಿನಿಯಮ್ಮಿನ ಪುಡಿ ಉದುರುವುದನ್ನು ನೋಡಿದೆ. ಸೀರೆಯ ಅಂಗಡಿ ಅಷ್ಟೊತ್ತಿಗೆ ಬಾಗಿಲು ಹಾಕಿತ್ತು.

ಎಂಟು ತಿಂಗಳಲ್ಲಿ ನಾನು ಕಲಿತದ್ದು ಇಷ್ಟು. ಇಂಜಿನ್ನಿಗೆ ನಾಲ್ಕು ಕೊಳವೆ. ಒಂದೊಂದರಲ್ಲಿ ಒಂದೊಂದು ಪಿಸ್ಟನ್ ಏರಿಳಿಯುತ್ತದೆ. ಕೊಳವೆಯನ್ನು ಕೊರೆದು ಅಗಲ ಮಾಡಿದಷ್ಟೂ ಜೋರು ಹೆಚ್ಚು, ಗೋಡೆ ತೆಳು. ಇವರು ಇನ್ನು ಕೊರೆಯಲು ಬರದಷ್ಟು ಕೊರೆಸಿದ್ದರು. "ಇನ್ನೊಂದು ಗೆರಿ ಬಿದ್ರೂ ಮುಗೀತು, ಕೊರ್ಯಾಕ ಗ್ವಾಡಿನ ಉಳದಿಲ್ಲ" ಎಂದು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಕೊಳವೆಗಳ ಮೇಲೆ ಒಂದು ಭಾರದ ಮುಚ್ಚಳ, ಅದಕ್ಕೆ ಹೆಡ್ ಅನ್ನುತ್ತಾರೆ. ಹೆಡ್ಡಿನ ಮಗ್ಗುಲಿಗೆ ನಾಲ್ಕು ಬೈಕಿನ ಕಾರ್ಬೊರೇಟರು. ಒಂದೊಂದಕ್ಕೂ ಇವರೇ ಲೇಥಿನ ಮೇಲೆ ಕಡೆದ ಅಲ್ಯುಮಿನಿಯಮ್ಮಿನ ಬಾಯಿ, ಧತ್ತೂರಿ ಹೂವಿನ ಹಾಗೆ ಅರಳಿ ಮೇಲೆ ನೋಡುತ್ತದೆ. ಗಾಳಿ ಅಲ್ಲಿಂದ ಒಳಗೆ ಹೋಗಬೇಕು. ಗಾಳಿ ಮಾತ್ರ.

ಈಗ ಅಕ್ಕಿಕಾಳಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಅಕ್ಷತೆಗೆ ಅಕ್ಕಿಕಾಳು ಅನ್ನುತ್ತಾರೆ, ಮದುವೆಯ ಮುಹೂರ್ತ ಕೇಳುವಾಗಲೂ "ಅಕ್ಕಿಕಾಳು ಎಷ್ಟಕ್ಕರಿ?" ಎಂದೇ ಕೇಳುತ್ತಾರೆ. ಊಟ ತಪ್ಪಿದರೂ ನಡೆದೀತು, ಅಕ್ಕಿಕಾಳು ತಪ್ಪಬಾರದು. ರಾಜೂರಿನಲ್ಲಿ ನನ್ನ ತವರುಮನೆ. ಅಲ್ಲಿ ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಹುಡುಗಿಯರಿಗೆಲ್ಲ ಅಕ್ಕಿಕಾಳು ಒಗೆಯುವುದನ್ನು ಅಂಗಳದಲ್ಲಿ ನಿಲ್ಲಿಸಿ ಕಲಿಸಿದ್ದಳು. "ಮುಷ್ಟಿ ಗಟ್ಟಿ ಹಿಡೀಬ್ಯಾಡ. ಗದ್ದಲ ಕೇಳಬ್ಯಾಡ. ಕಣ್ಣು ಮುಂದಿರಲಿ. ಬಾಜಾ ಏರಿದಕೂಡ್ಲೆ ಕೈ ತಾನ ಏಳಬೇಕು!" ಒಣ ಜೋಳದ ಕಾಳು ಕೊಟ್ಟು, ಕಟ್ಟೆಯ ಮೇಲೆ ಎರಡು ಬಿಂದಿಗೆ ಇಟ್ಟು, ಇದು ಮದುಮಗ, ಇದು ಮದುಮಗಳು ಎಂದು ಒಗೆಸುತ್ತಿದ್ದಳು. ಆಕೆಯ ಸ್ವಂತ ಒಗೆತ ಎಷ್ಟು ಬಿರುಸು ಅಂದರೆ, ಒಂದು ಮದುವೆಯಲ್ಲಿ ಮದುಮಗನ ಕಿವಿಯೊಳಗೆ ಕಾಳು ಹೊಕ್ಕು, ದವಾಖಾನೆಗೆ ಹೋಗಿ ತೆಗೆಸಿಕೊಂಡು ಬಂದ ಮೇಲೆ ಊಟದ ಪಂಕ್ತಿ ಕೂತಿತು. ಆಕೆಗೆ ಇಷ್ಟೂ ಬೇಸರವಿಲ್ಲ. "ಮುಟ್ಟಿತಲ್ಲ!" ಅಂದಳು. ಆ ಶಾಲೆಯಲ್ಲಿ ಕಲಿತ ಕೈ ನನ್ನದು. ಐವತ್ತರ ಹತ್ತಿರ ಬಂದರೂ ಒಂದು ಸಲವೂ ಗುರಿ ತಪ್ಪಿಲ್ಲ.

ಇವತ್ತು ಗುರುವಾರ. ಭಾನುವಾರ ಪಂದ್ಯ. ಇವತ್ತು ಇಂಜಿನ್ ಮೊದಲ ಸಲ ಚಾಲೂ ಆಗಬೇಕು, ಎರಡು ದಿನ ಮೆಲ್ಲಗೆ ಓಡಿಸಿ ಪಳಗಿಸಬೇಕು, ಆಮೇಲೆ ಮೈದಾನ. ಸುಮಿ ರಜೆ ಹಾಕಿದ್ದಳು. ಕಟ್ಟಿ ಮುಗಿದ ಇಂಜಿನ್ನನ್ನು ಹಳೇ ಬಿಳಿ ಕಾರಿಗೆ ಕೂರಿಸಿ, ಶೆಡ್ಡಿನಲ್ಲಿ ಅದರ ಬಾನೆಟ್ಟು ಬಿಚ್ಚಿ ಪಕ್ಕಕ್ಕೆ ಇಟ್ಟಿದ್ದರು. ಪಕ್ಕದ ಮನೆಯ ನೀಲಮ್ಮಕ್ಕ ಆರತಿ ತಟ್ಟೆ, ಜಾಗಟೆ ಹಿಡಿದು ಬಂದಿದ್ದಳು. ನಾನು ಅರಿಸಿನ ಕುಂಕುಮ ಹಚ್ಚಿದೆ, ಊದಿನಕಡ್ಡಿ ಬೆಳಗಿದೆ. ಇವರು ಹೊರಗೆ ಕಲ್ಲಿಗೆ ತೆಂಗಿನಕಾಯಿ ಒಡೆದು ಬಂದರು. ನೀಲಮ್ಮಕ್ಕ ನನ್ನ ಅಂಗೈಗೆ ಅರಿಸಿನ ಕಲಸಿದ ಅಕ್ಕಿಕಾಳು ಹಾಕಿದಳು. "ಮುಹೂರ್ತಕ್ಕ ಸರಿಯಾಗಿ ಒಗಿಯವಾ" ಅಂದಳು.

ಆ ಹೊತ್ತಿಗೆ ಇವರಿಗೆ ಒಂದು ಕೊನೆಯ ತಪಾಸಣೆ ನೆನಪಾಯಿತು. ನಾಲ್ಕೂ ಕಾರ್ಬೊರೇಟರಿನ ಬಾಗಿಲು ಒಟ್ಟಿಗೆ ತೆರೆಯುತ್ತವೋ ಇಲ್ಲವೋ ನೋಡಬೇಕಿತ್ತಂತೆ. ಒಳಗೆ ಕೂತಿದ್ದ ಸುಮಿಗೆ ಕೂಗಿದರು: "ಸುಮೀ, ಪೂರಾ ಒತ್ತು!"

ಸುಮಿ ಕಾಲು ಒತ್ತಿದಳು. ನಾಲ್ಕೂ ಬಾಯಿ ಒಮ್ಮೆಲೇ, ಗೂಡಿನ ಮರಿಗಳ ಹಾಗೆ, ತೆರೆದವು. ಇದೇ ಮುಹೂರ್ತ ಅಂದುಕೊಂಡು ಅದೇ ಗಳಿಗೆಗೆ ನೀಲಮ್ಮಕ್ಕ ಜಾಗಟೆ ಬಾರಿಸಿದಳು.

ನನ್ನ ಕೈ ತಾನೇ ಎದ್ದಿತು.

ಗುರಿ ತಪ್ಪಲಿಲ್ಲ.

ಅಲ್ಯುಮಿನಿಯಮ್ಮಿನ ಮೇಲೆ ಕಾಳು ಬಿದ್ದ ಸದ್ದು ಕೇಳಿಸಿತು. ಆಮೇಲೆ ಒಳಗೆ ಇನ್ನೂ ಕೆಳಗೆ, ಸಣ್ಣಗೆ, ಟಿಣ್ ಟಿಣ್. ಆಮೇಲೆ ಏನೂ ಇಲ್ಲ. ಇವರು ನನ್ನತ್ತ ನೋಡಿದರು. ಬೈಯುವ ನೋಟ ಅಲ್ಲ. ಹಾವು ಕಚ್ಚಿದವರು ಕಚ್ಚಿದ ಜಾಗ ನೋಡಿಕೊಳ್ಳುತ್ತಾರಲ್ಲ, ಆ ನೋಟ.

"ಚಾವಿ ತಿರುವಬ್ಯಾಡ!" ಎಂದು ಕಿರುಚಿದರು. ಇಪ್ಪತ್ತೆಂಟು ವರ್ಷದಲ್ಲಿ ಅವರು ಕಿರುಚಿದ್ದು ಕೇಳಿದ್ದು ಇದೇ ಮೊದಲು. ಸುಮಿ ಚಾವಿ ಕಿತ್ತು ಹಿಡಿದುಕೊಂಡೇ ಹೊರಗೆ ಬಂದಳು.

"ಏನಾತು ಯಪ್ಪಾ?"

"ನಿಮ್ಮವ್ವ ಇಂಜಿನ್ನಿಗೆ ಉಣ್ಣಾಕ ಹಾಕ್ಯಾಳ."

ನೀಲಮ್ಮಕ್ಕ ಜಾಗಟೆಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ನಾನು ಮುಷ್ಟಿ ಬಿಚ್ಚಿದೆ. ಅಂಗೈ ನೋಡಿಕೊಂಡೆ. ಎರಡು ಕಾಳು ಬೆರಳ ಸಂದಿಯಲ್ಲಿ ಅಂಟಿಕೊಂಡಿದ್ದವು, ಉಳಿದದ್ದೆಲ್ಲ ಒಳಗೆ.

"ಎಷ್ಟು ಕಾಳು ಒಗದಿ, ಗಿರಿಜಾ?" ಎಂದರು.

"ಯಾರಾದ್ರೂ ಅಕ್ಕಿಕಾಳು ಎಣಿಸಿ ಒಗೀತಾರೇನ್ರಿ?" ಎಂದೆ. ಅಂದ ಮೇಲೆ ಅಳು ಬಂತು.

ಸುಮಿ ಕಾರ್ಬೊರೇಟರುಗಳನ್ನು ಬಿಚ್ಚಿದಳು. ಹಿಂದಿನ ದಾರಿಗಳಲ್ಲಿ ಕಾಳು ಹಳದಿಯಾಗಿ ಕೂತಿದ್ದವು. ಮೊದಲನೆಯದರಲ್ಲಿ ಮೂರು, ಮೂರನೆಯದರಲ್ಲಿ ಐದು, ನಾಲ್ಕನೆಯದರಲ್ಲಿ ನಾಲ್ಕು. ಆ ಮೂರರಲ್ಲಿ ಒಳಬಾಗಿಲು ಮುಚ್ಚಿತ್ತು, ವಾಲ್ವ್ ಅನ್ನುತ್ತಾರೆ, ಅದರ ಬೆನ್ನ ಮೇಲೆಯೇ ಕಾಳು ನಿಂತಿದ್ದವು. ಒಂದೊಂದೇ ಹೆಕ್ಕಿ ತೆಗೆದಳು. ಎರಡನೆಯದರಲ್ಲಿ ಒಂದೂ ಇರಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಆದರೆ ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ಎರಡನೆಯದರ ಬಾಗಿಲು ತೆರೆದಿತ್ತು. ಅದು ನುಂಗಿತ್ತು.

ಸುಮಿ ಮೊಬೈಲಿಗೆ ಹಚ್ಚುವ ಹುಳದಂಥ ಸಣ್ಣ ಕ್ಯಾಮೆರಾ ತಂದು ಪ್ಲಗ್ಗಿನ ತೂತಿನಿಂದ ಒಳಗೆ ಇಳಿಸಿದಳು. ಪಿಸ್ಟನ್ನಿನ ತಲೆಯ ಮೇಲೆ ಒಂದು ಕಾಳು ನಿಂತಿತ್ತು. ಪರದೆಯ ಮೇಲೆ ಅದು ಗುಂಡುಕಲ್ಲಿನಷ್ಟು ದೊಡ್ಡದಾಗಿ ಕಂಡು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ತೆಳ್ಳನೆಯ ನಳಿಕೆ ಇಳಿಸಿ ಅದನ್ನು ಎಳೆದು ತೆಗೆದಳು. ಮತ್ತೆ ಕ್ಯಾಮೆರಾ ಇಳಿಸಿ ಸುತ್ತ ತಿರುಗಿಸಿದಳು.

"ಸಾಫ್ ಐತಿ ಯಪ್ಪಾ. ಚಾಲೂ ಮಾಡೂಣು."

"ಇಲ್ಲ. ಹೆಡ್ಡ ಎತ್ತಬೇಕು."

"ಎತ್ತಿದ್ರ ಗ್ಯಾಸ್ಕೆಟ್ ಹೋತು! ಇರೂದು ಒಂದ. ಮುಂದಿಂದು ಬರಾಕ ಎಂಟು ದಿನ. ಆಯಿತವಾರ ಪಂದ್ಯ ಐತಿ."

"ಕ್ಯಾಮೆರಾಕ್ಕ ಕಾಣದ ಜಾಗ ಐತಿ. ಗೆರಿ ಬಿದ್ರ ಈ ಇಂಜಿನ್ನಿಗಿ ಯಾವ ಆಯಿತವಾರನೂ ಇಲ್ಲ."

ಇಬ್ಬರೂ ನನ್ನ ಕಡೆ ನೋಡಲಿಲ್ಲ. ಅದೇ ದೊಡ್ಡ ಶಿಕ್ಷೆ. ನೋಡಿ ಬೈದಿದ್ದರೆ ನಾಲ್ಕು ಮಾತು ತಿರುಗಿ ಬೈಯಬಹುದಿತ್ತು. ಸುಮಿ ಚಾವಿಯನ್ನು ಬೆಂಚಿನ ಮೇಲೆ ಇಟ್ಟಳು. ಆಮೇಲೆ ತೋಳು ಮಡಿಚಿದಳು, ಬೆಳಿಗ್ಗೆ ನಾನು ಹೊಲಿದ ತೋಳು, ಮತ್ತೆ ಬಿಚ್ಚಿತು. ಬೋಲ್ಟು ಬಿಚ್ಚುವ ಪಾನಾ ತೆಗೆದುಕೊಂಡಳು.

ಹನ್ನೆರಡೂವರೆಗೆ ಹೆಡ್ಡು ಮೇಲೆ ಬಂತು. ಇಬ್ಬರೂ ಹಿಡಿದು ಎತ್ತಿ ಮಗುಚಿ ಬೆಂಚಿನ ಮೇಲೆ ಇಟ್ಟರು. ಎರಡನೆಯ ವಾಲ್ವಿನ ಅಂಚಿಗೆ, ಎಣ್ಣೆಯಲ್ಲಿ ಅಂಟಿಕೊಂಡು, ಮೇಲಿನಿಂದ ನೋಡಿದರೆ ನೆರಳಿನಲ್ಲಿ ಮುಚ್ಚಿಹೋಗುವ ಜಾಗದಲ್ಲಿ, ಇನ್ನೊಂದು ಕಾಳು ಇತ್ತು.

ಸುಮಿ ಬಗ್ಗಿ ನೋಡಿದಳು. "ಚಾಲೂ ಮಾಡಿದ್ರ..." ಎಂದು ಅಲ್ಲಿಗೇ ನಿಲ್ಲಿಸಿದಳು. ಇವರು ಉಗುರಿನಿಂದ ಆ ಕಾಳನ್ನು ಬಿಡಿಸಿ ತಂದು ನನ್ನ ಅಂಗೈಯಲ್ಲಿ ಇಟ್ಟರು. ನನಗೆ ಈಗಾದರೂ ಬೈಯಲಿ ಅನ್ನಿಸಿತು.

"ಅಕ್ಕಿಕಾಳು ಬಿದ್ದ ಮ್ಯಾಲ ಬಿಡಾಕ ಬರೂದಿಲ್ಲ" ಅಂದರು. "ನನಗ ಅನುಭವ ಐತಿ."

ಸುಮಿ ಮೊದಲು ನಕ್ಕಳು. ನಾನು ಅಳುತ್ತಲೇ ನಕ್ಕೆ. ಆದರೆ ಗ್ಯಾಸ್ಕೆಟ್ಟಿನ ಗತಿ? ಅದು ಹೆಡ್ಡು ಮತ್ತು ಒಡಲಿನ ನಡುವೆ ಕೂರುವ ತಾಮ್ರದ ತೆಳು ಹಾಳೆ, ನಾಲ್ಕು ದುಂಡು ತೂತಿನದು. ಒಮ್ಮೆ ಬಿಗಿದು ಒತ್ತಿದರೆ ತಾಮ್ರ ಗಡಸಾಗುತ್ತದೆ, ಮತ್ತೆ ಕೂರಿಸಿದರೆ ಸೋರುತ್ತದೆ. ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ತಿರುಗಿ ಮೆತ್ತಗಾಗುತ್ತದೆ ಅಂದರು. ಆದರೆ ಎಲ್ಲ ಕಡೆ ಒಂದೇ ಸಮ ಕಾಯಬೇಕು, ಒಂದು ಕಡೆ ಹೆಚ್ಚಾದರೆ ಸೊಟ್ಟಾಗುತ್ತದೆ, ಕರಗಲೂಬಹುದು. ಕಾಯಿಸುವ ಗ್ಯಾಸಿನ ಟಾರ್ಚನ್ನು ನರಗುಂದದವರು ಯಾರೋ ಒಯ್ದು ತಂದುಕೊಟ್ಟಿರಲಿಲ್ಲ.

"ನಮ್ಮ ಹಿತ್ತಲದ ಒಲಿ ಐತೆಲ್ಲ" ಎಂದೆ.

"ಅದು ರೊಟ್ಟಿ ಅಲ್ಲ, ಗಿರಿಜಾ."

"ಗೊತ್ತೈತಿ ಅದು ರೊಟ್ಟಿ ಅಲ್ಲಂತ. ಉರಿ ಒಂದ ಸಮ ಇಡೂದು ನಿಮಗ ಬರತೈತೇನು?"

ಅವರು ತಾಮ್ರದ ಹಾಳೆಯನ್ನು ನನ್ನ ಕೈಗೆ ಕೊಟ್ಟರು. ಉರಿ ಇಡಲು ಅವರಿಗೆ ಬರುವುದಿಲ್ಲ. ಒಮ್ಮೆ ನನಗೆ ಜ್ವರ ಬಂದಾಗ ಅವರು ಬೇಯಿಸಿದ ರೊಟ್ಟಿಯ ಒಂದು ಅರ್ಧ ಇದ್ದಿಲು, ಇನ್ನೊಂದು ಅರ್ಧ ಹಸಿ ಹಿಟ್ಟು.

ಹತ್ತಿಕಟ್ಟಿಗೆ ಹಾಕಿ ಒಲೆ ಹೊತ್ತಿಸಿದೆ. ಉರಿ ಇಳಿದು ಕೆಂಡವಾಗುವ ತನಕ ಕಾದೆ. ಕೆಂಡವನ್ನು ಹಾಸಿಗೆಯ ಹಾಗೆ ಸಮ ಹರಡಿ, ಮೇಲೆ ತಾಮ್ರದ ಹಾಳೆ ಮಲಗಿಸಿದೆ. ಬಣ್ಣ ತಿಳಿಯಲೆಂದು ಸುಮಿ ಹಿತ್ತಲ ಕೋಣೆಯ ಬಾಗಿಲು ಕಿಟಕಿ ಮುಚ್ಚಿದಳು. ಇವರು ನನ್ನ ಹಿಂದೆ ಬಗ್ಗಿ ನಿಂತಿದ್ದರು. ಅವರ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು, ಅದು ಒಲೆಗಿಂತ ಬಿಸಿ. ನಾನು ಇಕ್ಕಳದಿಂದ ಹಾಳೆಯನ್ನು ತಿರುಗಿಸುತ್ತ ಹೋದೆ, ತಣ್ಣಗಿದ್ದ ಅಂಚನ್ನು ನಡುವಿಗೆ, ನಡುವನ್ನು ಅಂಚಿಗೆ. ಕೈ ಈ ಸಲವೂ ನನ್ನ ಮಾತು ಕೇಳಲಿಲ್ಲ, ತನಗೆ ಗೊತ್ತಿದ್ದದ್ದನ್ನು ತಾನು ಮಾಡಿತು. ಆದರೆ ಈಗ ನಾನು ಅದನ್ನು ಕಾವಲು ಕಾಯುತ್ತಿದ್ದೆ. ಒಂದು ಮೂಲೆ ಮಂದವಾಗಿ ಕೆಂಪಾಯಿತು. ಆಮೇಲೆ ಪೂರಾ ಹಾಳೆ, ನಾಲ್ಕು ಬಳೆ ಕೂಡಿಸಿಟ್ಟ ಹಾಗೆ.

"ಈಗ!" ಎಂದರು.

"ತಡೀರಿ" ಎಂದೆ. ಆ ಎಡ ಅಂಚು ಇನ್ನೂ ಒಂದಿಷ್ಟು ಹಿಂದಿತ್ತು. ಮೂರು ಎಣಿಸಿ ಎತ್ತಿ ಬಕೀಟಿಗೆ ಹಾಕಿದೆ. ಚುಂಯ್ಯ್ ಅಂದಿತು.

ಹೊರಗೆ ತೆಗೆದಾಗ ಕಪ್ಪು ಹಿಡಿದಿತ್ತು. ತಾಮ್ರದ ಕೊಡ ತಿಕ್ಕುವವಳಿಗೆ ಇದು ಯಾವ ದೊಡ್ಡದು? ಹುಣಸೆಹಣ್ಣು, ಉಪ್ಪು ಹಾಕಿ ಮೆಲ್ಲಗೆ ಒರೆಸಿದೆ, ಮೂರು ನೀರಿನಲ್ಲಿ ತೊಳೆದೆ. ಇವರು ಒಂದು ತುದಿ ಹಿಡಿದು ಎತ್ತಿದರು. ಹಾಳೆ ಒದ್ದೆ ಹಪ್ಪಳದ ಹಾಗೆ ಬಳುಕಿ ಇಳಿಯಿತು. ಅದನ್ನು ಗಾಜಿನ ಮೇಲೆ ಇಟ್ಟು, ಕಣ್ಣು ಅಂಚಿಗೆ ತಂದು ನೋಡಿದರು. ಎಲ್ಲಿಯೂ ಎದ್ದಿರಲಿಲ್ಲ. ಅವರು ಬೆರಗಾದದ್ದನ್ನು ನಾನು ನೋಡಿದೆ. ಮುಚ್ಚಿಡಲು ಕೆಮ್ಮಿದರು.

ಹತ್ತು ಬೋಲ್ಟು. ನಡುವಿನಿಂದ ಶುರು ಮಾಡಿ ಹೊರಕ್ಕೆ, ಮೂರು ಸುತ್ತು ಬಿಗಿಯಬೇಕು. ಇವರು ನಂಬರು ಹೇಳುವುದು, ಸುಮಿ ಪಾನಾ ಎಳೆಯುವುದು, ಅದು ಟಕ್ ಅನ್ನುವುದು. ಎಲ್ಲ ಮುಗಿಯುವಾಗ ಆರಕ್ಕೆ ಹತ್ತು ನಿಮಿಷ ಕಡಿಮೆ. ನೀಲಮ್ಮಕ್ಕ ಕಂಪೌಂಡಿನ ಆಚೆಯಿಂದಲೇ ಇಣುಕಿದಳು, ಒಳಗೆ ಬರಲಿಲ್ಲ.

ಸುಮಿ ಒಳಗೆ ಕೂತು ಚಾವಿ ತಿರುಗಿಸಿದಳು. ಗರಗರ ಅಂದು ನಿಂತಿತು. ಎರಡನೆಯ ಸಲವೂ ನಿಂತಿತು. ಮೂರನೆಯ ಸಲ ಗುಡುಗು ಬಿದ್ದ ಹಾಗೆ ಹೊತ್ತಿಕೊಂಡಿತು. ತಗಡು ಅದುರಿತು, ಬೆಂಚಿನ ಮೇಲಿನ ಪಾನಾಗಳು ಕುಣಿದವು, ಕಂಪೌಂಡಿನ ಆಚೆ "ಯಪ್ಪೋ!" ಅಂದದ್ದು ಕೇಳಿಸಿತು. ನಾನು ಎರಡೂ ಕಿವಿ ಮುಚ್ಚಿಕೊಂಡೆ. ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡುವ ಮನುಷ್ಯನ ಹೊಟ್ಟೆಯೊಳಗೆ ಇಂಥ ಸದ್ದು ಇಷ್ಟು ವರ್ಷ ಎಲ್ಲಿ ಅಡಗಿತ್ತು?

ಇವರು ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು, ತುದಿಯನ್ನು ಇಂಜಿನ್ನಿಗೆ ಹಚ್ಚಿ, ಹಿಡಿಯನ್ನು ಕಿವಿಗೆ ಒತ್ತಿ, ಒಂದನೆಯ ಕೊಳವೆ ಕೇಳಿದರು. ಎರಡನೆಯದಕ್ಕೆ ಬಂದು ನಿಂತೇಬಿಟ್ಟರು. ಕಣ್ಣು ಮುಚ್ಚಿದ್ದರು. ನಾನು ದೇವರ ಹೆಸರು ಹೇಳಲೂ ಮರೆತೆ. ಆಮೇಲೆ ಮೂರು, ನಾಲ್ಕು. ತಿರುಗಿ ಎರಡು. ಕೊನೆಗೆ ಸ್ಕ್ರೂಡ್ರೈವರ್ ನನ್ನ ಕೈಗೆ ಕೊಟ್ಟು, ಎರಡನೆಯದರ ಮೇಲೆ ಅವರೇ ತುದಿ ಇಟ್ಟರು.

"ನೀನೂ ಕೇಳು!" ಎಂದು ಕೂಗಿದರು. "ಕೆರದಂಗ ಸಪ್ಪಳ ಬರತೈತೇನು?"

ಕಿವಿ ಇಟ್ಟೆ. ಒಳಗೆ ಕೆರೆತ ಇರಲಿಲ್ಲ. ಬೀಸುವ ಕಲ್ಲು ಚಲೋ ಕೂತಾಗ ಬರುವಂಥ ಒಂದು ದುಂಡನೆಯ ಸದ್ದು ಇತ್ತು. ತಲೆ ಅಲ್ಲಾಡಿಸಿದೆ, ಇಲ್ಲ ಎಂದು. ಅವರು ಸುಮಿಯ ಕಡೆ ತಿರುಗಿ ಹೆಬ್ಬೆರಳು ಎತ್ತಿದರು. ಆಮೇಲೆ ಶೆಡ್ಡಿನ ಕಂಬ ಹಿಡಿದುಕೊಂಡು ನೆಲಕ್ಕೇ ಕೂತರು. ಸುಮಿ ಇಂಜಿನ್ ನಿಲ್ಲಿಸಿ ಓಡಿ ಬಂದಳು.

"ಯಾಕ ಯಪ್ಪಾ? ಏನಾತು?"

"ಏನಿಲ್ಲವಾ. ನಾ ಮಾಡಿದ್ದು ಅಂತ ಈಗ ಖರೇ ಅನ್ನಿಸ್ತು" ಅಂದರು.

ಊಟಕ್ಕೆ ಬಿಸಿ ರೊಟ್ಟಿ, ಮೆಂತ್ಯದ ಪಲ್ಲೆ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಒಡೆದ ತೆಂಗಿನಕಾಯಿಯ ಎರಡು ಹೋಳು ಬೆಲ್ಲದ ಜೊತೆ. ನೀಲಮ್ಮಕ್ಕ ಒಂದು ಬಟ್ಟಲು ಕಡಲೆಹಿಟ್ಟಿನ ಜುಣಕದ ವಡಿ ಕಳಿಸಿದಳು, ತಾನು ಬರಲಿಲ್ಲ. ಸುಮಿ ಮೂರು ರೊಟ್ಟಿ ಉಂಡಳು, ನಾನು ಎರಡು. ಇವರು ಒಂದೂವರೆ ಉಂಡು, ಉಳಿದ ಅರ್ಧ ಕೈಯಲ್ಲಿ ಹಿಡಿದುಕೊಂಡೇ ಗೋಡೆಗೆ ಒರಗಿದರು. ಎಂಟು ತಿಂಗಳಿಂದ ಈ ಮನೆಯಲ್ಲಿ ಕೊನೆಗೆ ಮಲಗುವವರು ಅವರೇ. ಇವತ್ತು ಮೊದಲು ಮಲಗಿದವರೂ ಅವರೇ, ಕೈ ಸಹ ತೊಳೆಯದೆ, ಬಲಗಿವಿಯ ಮೇಲೆ ಸ್ಕ್ರೂಡ್ರೈವರಿನ ಹಿಡಿ ಒತ್ತಿದ ಕರಿ ಉಂಗುರದ ಗುರುತಿನೊಂದಿಗೆ.